ಕನ್ಯೆ ನೋಡಲು ಬಂದ ಟಾರ್ಪೆಡೋದವನು

ನನ್ನನ್ನು ನೋಡಲು ಬಂದವರು ಒಂದು ತಾಸು ಬಾಳೆಹಣ್ಣನ್ನೇ ನೋಡಿದರು. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಆಗ ಸಿಟ್ಟು ಬಂದಿತ್ತು, ಈಗ ಇಲ್ಲ.

ಎಪ್ಪತ್ತೊಂದರ ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಬೈಲಹೊಂಗಲದಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ವರ ಉಗರಗೋಳದವನು, ನೌಕಾಪಡೆಯಲ್ಲಿ ಕೆಲಸ. ಅವನ ಸೋದರಮಾವ ಕರೆತಂದಿದ್ದ. ಅವರೆಲ್ಲ ಪಡಸಾಲೆಯಲ್ಲಿ, ನಾನು ಬಾಗಿಲ ಹಿಂದೆ ಚಹಾದ ತಾಟು ಹಿಡಿದು ನಿಂತಿದ್ದೆ. ಹಿಂದೆ ಬಂದವರು ನನ್ನನ್ನು ನಡೆಸಿ ನೋಡಿ, ಸೂಜಿಗೆ ದಾರ ಪೋಣಿಸಲು ಹೇಳಿ, ತಿಳಿಸುತ್ತೇವೆಂದು ಹೋಗಿ ತಿಳಿಸಿರಲಿಲ್ಲ. ಈ ಸಲವಾದರೂ ಆಗಲಿ ಎಂದು ಆಸೆಯಿತ್ತು. ನಾಚಿಕೆ ಯಾಕೆ, ಬಾಗಿಲ ಸಂದಿಯಿಂದ ನೋಡಿದ್ದೆ, ಹಿಡಿಸಿದ್ದ.

"ಹಡಗಿನ್ಯಾಗ ನಿಮ್ಮ ಕೆಲಸ ಏನ್ರಿ?" ಅಪ್ಪ ಕೇಳಿದ.

"ಸಮುದ್ರದ ದಂಡಿ ಮ್ಯಾಲಿನ ವರ್ಕ್‌ಶಾಪಿನ್ಯಾಗ ಇರತೇನ್ರಿ. ಟಾರ್ಪೆಡೋ ರಿಪೇರಿ."

"ಅಂದ್ರ?"

ಇಷ್ಟೇ ಕೇಳಿದ್ದು. ಅವನು ಫಲಾಹಾರದ ತಾಟಿನಿಂದ ಒಂದು ಬಾಳೆಹಣ್ಣು ಎತ್ತಿಕೊಂಡ. ನೀರೊಳಗೆ ಓಡಿಹೋಗಿ ವೈರಿಯ ಹಡಗು ಒಡೆಯುವ ಮದ್ದಿನ ಕೊಳವೆ ಇದು ಎಂದ. ಮೂತಿಯಲ್ಲಿ ಮದ್ದು, ನಡುವೆ ಎಂಜಿನ್, ಬಾಲಕ್ಕೆ ಎರಡು ಪಂಖಾ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ, ಇಲ್ಲದಿದ್ದರೆ ಇಡೀ ಟಾರ್ಪೆಡೋ ಹೊರಳಾಡುತ್ತದೆ. ಮೊದಮೊದಲು ಉದ್ದ ಕೋಲಿನ ತುದಿಗೆ ಮದ್ದು ಕಟ್ಟಿ ವೈರಿಯ ಹಡಗಿಗೆ ಚುಚ್ಚುತ್ತಿದ್ದರಂತೆ, ಎಷ್ಟೋ ಸಲ ಚುಚ್ಚಿದವರೂ ಕೂಡಿಯೇ ಹೋಗುತ್ತಿದ್ದರಂತೆ. ಆಮೇಲೆ ಒತ್ತಿ ತುಂಬಿದ ಗಾಳಿಯಿಂದ ತಾನೇ ಓಡುವುದನ್ನು ಮಾಡಿದರು. ಅದು ನೀರ ಮೇಲೆ ಗುಳ್ಳೆ ಬಿಟ್ಟು ಸಿಕ್ಕಿಬೀಳುತ್ತದೆಂದು ಬ್ಯಾಟರಿಯದು ಬಂತು. ಈಗ ಹಡಗಿನ ಸಪ್ಪಳ ಕೇಳಿಕೊಂಡು ಬೆನ್ನು ಹತ್ತುವಂಥವೂ ಇವೆ. ಹಡಗಿಗೆ ತಾಗಲೇಬೇಕೆಂದಿಲ್ಲ, ತಳದ ಕೆಳಗೆ ಸಿಡಿದರೂ ಹಡಗಿನ ನಡುವೇ ಮುರಿಯುತ್ತದೆ.

"ಎಷ್ಟು ಆಳದಾಗ ಹೋಗಬೇಕಂತ ಅದಕ್ಕ ಹೆಂಗ ಗೊತ್ತಾಗತೈತ್ರಿ?" ಅಪ್ಪ ನನ್ನನ್ನು ಮರೆತು ಮುಂದೆ ಸರಿದಿದ್ದ.

"ಬಾವ್ಯಾಗ ಮುಳುಗು ಹಾಕಿದ್ರ ಕಿವಿ ಒತ್ತತೈತಲ್ರಿ, ಹಂಗ. ನೀರಿನ ಒತ್ತಡ ಹೆಚ್ಚಾದ್ರ ಮ್ಯಾಲೆ ಏಳತೈತಿ, ಕಡಿಮಿ ಆದ್ರ ಕೆಳಗ ಇಳೀತೈತಿ. ದಿಕ್ಕಿಗೆ ಒಳಗೊಂದು ಬುಗುರಿ ಐತ್ರಿ. ಜೋರು ತಿರಗೂ ಬುಗುರಿ ತನ್ನ ದಿಕ್ಕು ಬಿಡೂದಿಲ್ಲ."

ಚಹಾ ಆರಿತು. ಅವ್ವ ಮತ್ತೆ ಕಾಸಿದಳು.

"ಆ ಬುಗುರಿ ಕೆಟ್ರ?" ಎಂದ ಅಪ್ಪ.

"ಸುತ್ತು ಹೊಡದು, ಅದನ್ನ ಬಿಟ್ಟವರ ಕಡೇನಽ ಬರತೈತ್ರಿ. ಹಂಗ ಮುಳುಗಿದ ಹಡಗೂ ಅದಾವು."

ಸೋದರಮಾವ ಅವನ ತೊಡೆ ಚಿವುಟಿದ್ದು ನನಗೂ ಕಂಡಿತು. ಕನ್ಯೆ ಕೇಳಲು ಬಂದ ಮನೆಯಲ್ಲಿ ಯಾರಾದರೂ ಹೀಗೆ ಮಾತನಾಡುತ್ತಾರೆಯೇ? ಹಿಂದೆ ಬಂದವನೊಬ್ಬ ಊರವರ ಹೊಲವನ್ನೆಲ್ಲ ತನ್ನದೆಂದು ಹೇಳಿ ಹೋಗಿದ್ದ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ, ಅಪ್ಪನ ತಾಯಿ, ಆಗ ಬಾಯಿ ತೆರೆದಳು. ನಮ್ಮ ಮನೆಯಲ್ಲಿ ಅವಳು ಹೇಳಿದ್ದೇ ಕೊನೆ.

"ಯಪ್ಪಾ, ಯುದ್ಧದಾಗ ನಮ್ಮ ಹಡಗ ಮುಳುಗಿಸಿದ್ದೂ ಇದಽ ಏನು?"

"ಹೌದ್ರಿ ಅಜ್ಜಿ."

"ಹಂಗಾರ ನಾ ಮೊಮ್ಮಗಳನ್ನ ಕೊಡೂದಿಲ್ಲ."

ಯಾರೂ ಕರೆಯದಿದ್ದರೂ ತಾಟು ಹಿಡಿದು ಹೊರಗೆ ಬಂದುಬಿಟ್ಟೆ. ಅವನನ್ನೇ ಕೇಳಿದೆ: "ನೀವು ದಂಡಿ ಮ್ಯಾಲೆ ಇರವ್ರಲ್ರಿ? ಹಡಗ ಹತ್ತೂದಿಲ್ಲಲ್ರಿ?"

'ಇಲ್ಲ' ಎಂದರೆ ಸಾಕಿತ್ತು. ಅವನು ಬಾಳೆಹಣ್ಣು ಕೆಳಗಿಟ್ಟ.

"ನಾಳೆ ಹಡಗ ಹತ್ತು ಅಂದ್ರ ಹತ್ತಬೇಕ್ರಿ. ಸುಳ್ಳ್ಯಾಕ ಹೇಳ್ಲಿ. ಆ ಮುಳುಗಿದ ಹಡಗಿನ್ಯಾಗ ನನ್ನ ಗೆಳ್ಯಾ ಇದ್ದ. ರಾಮದುರ್ಗದ ಕಡೆ ಸಾಲಹಳ್ಳಿಯಾಂವ. ಇಬ್ಬರೂ ಕೂಡೇ ಭರ್ತಿ ಆದವ್ರು. ಅವನ್ನ ಹತ್ತಿಸಿದ್ರು, ನನ್ನ ದಂಡೀಗೆ ಇಟಗೊಂಡ್ರು."

ಒಂದು 'ಇಲ್ಲ' ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು! ನನಗೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನಲ್ಲೇ, ಮದುವೆಯಾದರೆ ಇವನನ್ನೇ ಆಗುವುದು ಎಂದೂ ಅನಿಸಿತು.

ಅಜ್ಜಿ ಅವನ ಕಡೆ ತಿರುಗಿ ಕುಳಿತಳು.

"ಆ ಹುಡುಗನ ಅವ್ವ ಅದಾಳೇನು?"

"ಅದಾಳ್ರಿ. ಸೂಟಿಗೆ ಊರಿಗೆ ಬಂದಾಗೊಮ್ಮೆ ಆಕಿ ಮನೀಗೆ ಹೋಗತೇನ್ರಿ. ಆಕಿ ಏನೂ ಮಾತಾಡೂದಿಲ್ಲ. ಆಕಿ ನೀಡತಾಳ, ನಾ ಉಣತೇನಿ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಂತಽ ಬಿಟ್ಟೆಲ್ಲ, ಚಾ ಕೊಡು ಅವಗ" ಎಂದು ನನ್ನನ್ನು ಗದರಿದಳು. ಆಮೇಲೆ ಅವನಿಗೆ ಹೇಳಿದಳು: "ಇನ್ನ ಮ್ಯಾಲೆ ಅಲ್ಲಿಗೆ ಒಬ್ಬನಽ ಹೋಗಬ್ಯಾಡ. ಇಕೀನ್ನೂ ಕರಕೊಂಡು ಹೋಗು. ಹೆಣ್ಮಗಳು ಬಾಜೂಕ ಕುಂತ್ರ ಆಕಿ ಮಾತಾಡ್ಯಾಳು."