ಕುಶಲಕ್ಕನ ಹಂಡೆಯ ಬಿಸಿನೀರು

ಕಡಿಯಾಳಿಯ ದೇವಸ್ಥಾನದ ಬೆಳಗಿನ ಗಂಟೆ ಕೇಳುವ ಮೊದಲೇ ಕುಶಲಕ್ಕನ ಬಚ್ಚಲೊಲೆಗೆ ಬೆಂಕಿ ಬಿದ್ದಿರುತ್ತದೆ. ತೆಂಗಿನ ಗರಿ, ಚಿಪ್ಪು, ಮೇಲೆ ತಾಮ್ರದ ಹಂಡೆ. "ದೇವರಿಗೆ ದೀಪ, ಇವರಿಗೆ ಬಿಸಿನೀರು" ಎನ್ನುತ್ತಾರೆ ಅವರು. ಇವರು ಎಂದರೆ ಬೆಂಕಿ ನಂದಿಸುವ, ಬಾವಿಗಿಳಿಯುವ, ನೀರಿನಿಂದ ಹೆಣ ಎತ್ತುವ ಅಗ್ನಿಶಾಮಕ ದಳದವರು. ಪಾಳಿ ಮುಗಿಸಿ ಮನೆಗೆ ಹೋಗುವ ಮೊದಲು ಈ ಅಂಗಳಕ್ಕೆ ಬರುತ್ತಾರೆ.

ಇಂದು ಬಂದವನು ತಿಲಕ್. ನಾಲ್ಕು ದಿನದ ಹಿಂದೆ ಕಾರ್ಕಳದ ಹತ್ತಿರ ಕಲ್ಲುಕೋರೆಯ ನೀರಿನಿಂದ ಒಂದು ಹೆಣ್ಣುಮಗುವಿನ ಹೆಣ ಎತ್ತಿದವನು. ಅವನ ಹೆಂಡತಿ ಯಶ್ಮಿತಾ ನಿನ್ನೆ ಫೋನು ಮಾಡಿ ಒಂದೇ ಮಾತು ಹೇಳಿದ್ದಳು: "ಅಕ್ಕ, ಇವರು ಮಗಳನ್ನು ಮುಟ್ಟುವುದೇ ಇಲ್ಲ."

"ಎಂತ ಆಯ್ತು ಮಾರಾಯ?"

"ಎಂತ ಇಲ್ಲ ಅಕ್ಕ. ದಿನಾ ಇರುವುದೇ."

"ದಿನಾ ಇರುವುದಾದರೆ ಅಂಗಿಯ ಗುಂಡಿ ಯಾಕೆ ಮೇಲೆ ಕೆಳಗೆ? ಹೋಗು, ಮಿಂದು ಬಾ. ಪಾಳಿಯ ವಾಸನೆ ನನ್ನ ಗಂಜಿಗೆ ಹಿಡಿಯುವುದು ಬೇಡ."

ಸಾವು ಕಂಡು ಬಂದವನು ಮಿಂದೇ ಒಳಗೆ ಬರಬೇಕು, ಅವನನ್ನು ಏನೂ ಕೇಳಬಾರದು ಎಂಬುದು ಹಿರಿಯರಿಂದ ಬಂದ ಕ್ರಮ. ಕುಶಲಕ್ಕ ಮಿಂದು ಬರುವುದನ್ನು ಉಳಿಸಿಕೊಂಡಿದ್ದಾರೆ, ಕೇಳಬಾರದೆಂಬುದನ್ನು ಬಿಟ್ಟಿದ್ದಾರೆ. ಅದಕ್ಕೊಂದು ಕಥೆಯುಂಟು.

ಅವರ ಗಂಡ ಭುಜಂಗರೂ ಇದೇ ದಳದಲ್ಲಿದ್ದವರು. ಹನ್ನೊಂದು ವರ್ಷದ ಹಿಂದೆ ಕಾಪುವಿನಲ್ಲಿ ಮಗುವೊಂದು ಬಿದ್ದ ಬಾವಿಗೆ ಇಳಿದು ಬಂದರು, ಮಿಂದರು, ಉಂಡರು, ಮಲಗಿದರು. ಹೆಂಡತಿ ಕ್ರಮ ಮೀರಲಿಲ್ಲ, ಕೇಳಲಿಲ್ಲ. ಒಂದು ವಾರವಲ್ಲ, ಐದು ವರ್ಷ. ಒಂದು ಮಂಗಳವಾರ ಆ ಬಾವಿಯ ಮನೆಯ ಸಿಂಥಿಯಾ ಬಾಯಿ ಫೋನು ಮಾಡಿದರು: "ನಿಮ್ಮವರು ಪ್ರತಿ ಮಂಗಳವಾರ ಬಂದು ಬಾವಿ ನೋಡಿ ಹೋಗುತ್ತಾರೆ. ಇವತ್ತು ಕಟ್ಟೆಯ ಮೇಲೆ ಕೂತು ಕಾಲು ಒಳಗೆ ಬಿಟ್ಟಿದ್ದಾರೆ. ಬೇಗ ಬನ್ನಿ."

ದೇವರು ದೊಡ್ಡವನು, ತಲುಪುವಾಗ ಭುಜಂಗರು ಅಲ್ಲಿಯೇ ಕೂತಿದ್ದರು. ಕುಶಲಕ್ಕ ಅವರ ಸೊಂಟ ಹಿಡಿದುಕೊಂಡು ಮೊದಲ ಸಲ ಕೇಳಿದರು, ಎಂತ ಆಯ್ತು ಎಂದು.

"ಹಗ್ಗದಲ್ಲಿ ಇವರ ಜೊತೆ ಮೇಲೆ ಬರುವಾಗ ಮಗು 'ಮಾಮ, ಚಳಿ' ಅಂದಿತ್ತಂತೆ. ಕಟ್ಟೆ ಮುಟ್ಟುವಾಗ ಮಾತಿಲ್ಲ, ಉಸಿರಿಲ್ಲ. ಐದು ವರ್ಷ ಆ ಮಾತು ನನ್ನ ಪಕ್ಕದಲ್ಲೇ ಮಲಗಿತ್ತು. ನಾನು ಊಟ ಆಯ್ತಾ ಅಂತ ಮಾತ್ರ ಕೇಳುತ್ತಿದ್ದೆ," ಎನ್ನುತ್ತಾರೆ ಕುಶಲಕ್ಕ.

ಅಂದಿನಿಂದ ಆರು ವರ್ಷ ಈ ಒಲೆ ಆರಿಲ್ಲ. ದಿನಕ್ಕೆ ಮೂರು ಹಂಡೆ ನೀರು, ಒಂದು ಪಾತ್ರೆ ಗಂಜಿ. ಶನಿವಾರ ಬಸ್ಸು ಹತ್ತಿ ಕಾಪು, ಕಾರ್ಕಳದ ಕಡೆಗೆ ಹೋಗುತ್ತಾರೆ. ದಳದವರ ಇಪ್ಪತ್ಮೂರು ಮನೆಗಳ ಹೆಂಗಸರಿಗೆ 'ಎಂತ ಆಯ್ತು' ಎಂದು ಕೇಳುವುದನ್ನು ಕಲಿಸಿದ್ದಾರೆ. ತಮ್ಮ ಕೈ ಮೀರಿದವರನ್ನು ಮಣಿಪಾಲದ ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋಗುತ್ತಾರೆ.

ಬಚ್ಚಲಲ್ಲಿ ನೀರಿನ ಸದ್ದು ನಿಂತು ಬಹಳ ಹೊತ್ತಾಗಿದೆ. ತಿಲಕ್ ಹೊರಬಂದವನು ಗಂಜಿ ಮುಟ್ಟುವುದಿಲ್ಲ.

"ಅಕ್ಕ, ಆ ಮಗುವಿನ ತಲೆಯಲ್ಲಿ ನನ್ನ ಮಗಳದ್ದೇ ಬಣ್ಣದ ಕ್ಲಿಪ್ಪು. ಮುಖ ತಿರುಗಿಸಿ ನೋಡಿದೆ, ನನ್ನ ಮಗಳಲ್ಲ. ನನಗೆ ಖುಷಿ ಆಯ್ತು ಅಕ್ಕ. ಅದರ ಅಮ್ಮ ದಡದಲ್ಲಿ ನಿಂತಿದ್ದರು. ನನಗೆ ಖುಷಿ ಆಯ್ತು."

ಕುಶಲಕ್ಕನ ಕೈಯ ಸೌಟು ಅಲ್ಲಿಯೇ ನಿಲ್ಲುತ್ತದೆ. ಆರು ವರ್ಷ ಕೇಳಿದ ಕಿವಿಗೂ ಇದು ಹೊಸದು. ಅವರು ಗಂಡನ ಕಡೆ ತಿರುಗುತ್ತಾರೆ.

ಮೂಲೆಯಲ್ಲಿ ಗರಿ ಕೊಚ್ಚುತ್ತಿದ್ದ ಭುಜಂಗರು ಕತ್ತಿ ಕೆಳಗಿಡುತ್ತಾರೆ. "ನನಗೂ ಹಾಗೆ ಆದದ್ದುಂಟು ಮಗ. ಅಪ್ಪ ಆದವನಿಗೆ ಆಗುತ್ತದೆ. ಅದು ಪಾಪ ಅಲ್ಲ."

ತಿಲಕ್ ಗೋಡೆಗೆ ಹಣೆ ಹಚ್ಚಿ ಅಳುತ್ತಾನೆ. ಆಮೇಲೆ ಫೋನು ಕೇಳುತ್ತಾನೆ. "ಯಶ್ಮಿತಾ, ಪಾಪುವನ್ನು ಎಬ್ಬಿಸಬೇಡ. ನಾನು ಬಂದು ಎತ್ತಿಕೊಳ್ಳುತ್ತೇನೆ."

ಅವನು ಹೋದ ಮೇಲೆ, ನಿಮಗೇನಾದರೂ ಬೇಕೇ ಎಂದು ಕೇಳಿದರೆ ಕುಶಲಕ್ಕ ಒಲೆಗೆ ಚಿಪ್ಪು ನೂಕುತ್ತಾ ಹೇಳುತ್ತಾರೆ.

"ಇನ್ನೊಂದು ಬಚ್ಚಲು ಆಗಬೇಕಿತ್ತು. ಒಬ್ಬ ಒಳಗೆ ಅಳುತ್ತಾ ಇದ್ದರೆ ಬಾಗಿಲು ಬಡಿಯಲಿಕ್ಕೆ ಆಗುವುದಿಲ್ಲ ಅಲ್ವಾ? ಹೊರಗಿನವನ ನೀರು ತಣಿದು ಹೋಗುತ್ತದೆ."