ಬ್ಯಾಂಕು ತಿಂದ ಕ್ರಿಸ್ಮಸ್ ದುಡ್ಡು

ಬ್ಯಾಂಕಿನವರ ಹೆಸರೆತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರು ನುಂಗಿದ್ದು ನನ್ನ ದುಡ್ಡಲ್ಲ, ಥೆಲ್ಮಾ ಬ್ಲ್ಯಾಂಚರ್ಡ್‌ಳ ಕೈಯಲ್ಲಿದ್ದ ದುಡ್ಡು. ಆದರೂ ಉರಿಯುತ್ತದೆ. ಗ್ರಿಮ್ಸ್‌ಬಿ ಬಂದರಿನ ಹಿಂದುಗಡೆ ನಮ್ಮ ಕೆಲಸಗಾರರ ಕ್ಲಬ್ಬಿದೆ. ಅಲ್ಲಿ ಬಿಯರ್ ಸುರಿದು ಕೊಡುವವನು ನಾನು, ನೆವಿಲ್. ಆದದ್ದೆಲ್ಲ ನನ್ನ ಕಣ್ಣೆದುರಿಗೇ ಆಯಿತು.

ಥೆಲ್ಮಾಳಿಗೆ ಮೀನಿನ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಮೀನಿನ ತುಂಡುಗಳಿಗೆ ಬ್ರೆಡ್ ಪುಡಿ ಹಚ್ಚುತ್ತಿದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಬೀದಿಯವರು ಅವಳನ್ನು ಗುರುತಿಸುತ್ತಿದ್ದದ್ದು ಮಾತ್ರ ಅವಳ ಡಬ್ಬಿಯಿಂದ. ಭಾನುವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ಮಾಂಸದ ಲಾಟರಿ, ಅಂದರೆ ಗೆದ್ದವರಿಗೆ ಅಡುಗೆಗೆ ಮಾಂಸ ಸಿಗುವ ಚೀಟಿ ಆಟ, ಮುಗಿದದ್ದೇ, ಹೆಂಗಸರೆಲ್ಲ ಕ್ರಿಸ್ಮಸ್ ಖರ್ಚಿಗೆಂದು ಎರಡೋ ಮೂರೋ ಪೌಂಡನ್ನು ಆ ಡಬ್ಬಿಗೆ ಹಾಕುವರು. ಡಿಸೆಂಬರ್ ಬಂದಾಗ ಅವಳು ಒಬ್ಬೊಬ್ಬರಿಗೂ ಅವರವರ ಲಕೋಟೆ ಹಂಚುವಳು. ಅದನ್ನು ತೆರೆಯದೆ ನೇರ ಕೈಚೀಲಕ್ಕೆ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಅಲ್ಲೇ ನಿಂತು ಎಣಿಸುವುದೆಂದರೆ ಕೊಟ್ಟವಳ ಮುಖಕ್ಕೆ ಉಗಿದ ಹಾಗೆ.

ಒಂದು ಸಲ ಕ್ಲಬ್ಬಿಗೆ ಕಳ್ಳರು ನುಗ್ಗಿದರು. ಆಮೇಲೆ ಥೆಲ್ಮಾ ಡಬ್ಬಿಯ ದುಡ್ಡನ್ನು ವಾರವಾರ ಬ್ಯಾಂಕಿಗೆ ಕಟ್ಟತೊಡಗಿದಳು. ಅವಳ ಸಂಬಳ ಬರುತ್ತಿದ್ದ ಅದೇ ಬ್ಯಾಂಕಿನಲ್ಲಿ, ಅವಳದೇ ಹೆಸರಲ್ಲಿ ಇನ್ನೊಂದು ಖಾತೆ. ಅವಳು ಮಾಡಿದ ತಪ್ಪು ಇದೊಂದೇ. ಬ್ಯಾಂಕು ಅಂದರೆ ಭದ್ರ ಅಂದುಕೊಂಡಳು, ಪಾಪ.

ಎರಡು ಸಾವಿರದ ಆರರ ಶರತ್ಕಾಲದಲ್ಲಿ ಕಾರ್ಖಾನೆಯವರು ಸಂಬಳವನ್ನು ಎರಡು ದಿನ ತಡ ಮಾಡಿದರು. ಅಷ್ಟರಲ್ಲಿ ಸಂಬಳದ ಖಾತೆಯಿಂದ ತಾನಾಗಿ ಕಡಿತವಾಗುವ ಗ್ಯಾಸಿನ ಬಿಲ್ಲು ಬಂದು, ಅಲ್ಲಿ ದುಡ್ಡಿಲ್ಲದೆ ವಾಪಸಾಯಿತು. ಬ್ಯಾಂಕು ಮೂವತ್ತೈದು ಪೌಂಡು ದಂಡ ಹಾಕಿತು. ಆ ದಂಡದಿಂದಾಗಿ ಬಾಡಿಗೆಗೆ ದುಡ್ಡು ಸಾಲದೆ ಮತ್ತೊಂದು ದಂಡ. ಅದಕ್ಕೊಂದು ಕಾಗದ, ಆ ಕಾಗದಕ್ಕೂ ದಂಡ! ಹೀಗೇ ವಾರವಾರ ದಂಡದ ಮೇಲೆ ದಂಡ ಬೆಳೆಯಿತು. ಕೊನೆಗೆ ಒಂದು ಮಾತೂ ಕೇಳದೆ, ಆ ಬಾಕಿಯನ್ನೆಲ್ಲ ಡಬ್ಬಿಯ ಖಾತೆಯಿಂದ ಎತ್ತಿಕೊಂಡರು. ನಾನೂರಕ್ಕೂ ಹೆಚ್ಚು ಪೌಂಡು.

ಆ ಡಿಸೆಂಬರಿನಲ್ಲಿ ಲಕೋಟೆಗಳು ತೆಳ್ಳಗಿದ್ದವು. ಥೆಲ್ಮಾ ನಡೆದದ್ದನ್ನು ಹೇಳಿದಳು. ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೇ ಚೆನ್ನಾಗಿತ್ತು.

"ಬ್ಯಾಂಕಿನೋರು ಸುಮ್‌ಸುಮ್ನೆ ಯಾಕೆ ತಗೋತಾರೆ ಥೆಲ್ಮಾ?" ಅಂದಳು ಅವಿಸ್. ಈ ಅವಿಸ್ ಬೇರೆ ಯಾರೋ ಅಲ್ಲ, ಥೆಲ್ಮಾಳ ಶಾಲೆಯ ಕಾಲದ ಗೆಳತಿ. ಇಬ್ಬರದೂ ಒಂದೇ ಬಿಂಗೋ ಮೇಜು.

"ತಗೊಂಡಿದಾರಲ್ಲೇ! ನಾನೇನು ಸುಳ್ಳು ಹೇಳ್ತೀನಾ?"

"ಅಯ್ಯೋ, ನಾನು ಹಾಗಂದ್ನಾ?"

ಜನವರಿಯಲ್ಲಿ ಕ್ಲಬ್ಬಿನ ಸಮಿತಿಯವರು, 'ಥೆಲ್ಮಾಗೂ ಸ್ವಲ್ಪ ಬಿಡುವು ಸಿಗಲಿ' ಎಂದು ನಯವಾಗಿ ಹೇಳಿ ಡಬ್ಬಿಯನ್ನು ಅವಿಸ್‌ಗೆ ಕೊಟ್ಟರು. ಥೆಲ್ಮಾ ಹತ್ತಿರ ಬಂದರೆ ಮೇಜಿನಲ್ಲಿದ್ದವರ ಮಾತು ಹವಾಮಾನದ ಕಡೆ ತಿರುಗುತ್ತಿತ್ತು. ಅವಳು ನಾನು ಬಿಯರ್ ಸುರಿಯುವ ಕಟ್ಟೆಯ ಮುಂದೆ ಒಬ್ಬಳೇ ನಿಂತು ಅರ್ಧ ಗ್ಲಾಸನ್ನು ಒಂದು ಗಂಟೆ ಕುಡಿಯುವಳು. ನೋಡಿ ನೋಡಿ ನನಗೆ ತಲೆ ಕೆಟ್ಟುಹೋಗಿತ್ತು.

ಆ ದಿನಗಳಲ್ಲಿ ಇಂಥ ದಂಡವನ್ನು ಸಣ್ಣ ದಾವೆ ಹೂಡಿ ವಾಪಸು ಪಡೆಯಬಹುದೆಂದು ಟಿವಿಯಲ್ಲೆಲ್ಲ ಹೇಳುತ್ತಿದ್ದರು. ವಕೀಲರು ಬೇಡ, ಅರ್ಜಿ ತುಂಬಿ ಶುಲ್ಕ ಕಟ್ಟಿದರೆ ಸಾಕು. ಥೆಲ್ಮಾ ಕಟ್ಟಿದಳು. ಬ್ಯಾಂಕಿನಿಂದ ಮೊದಲು ಉತ್ತರವೇ ಇಲ್ಲ. ಆಮೇಲೆ 'ಪರಿಶೀಲಿಸುತ್ತಿದ್ದೇವೆ' ಎಂದು ಬಂತು. ಫೋನು ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ಬೇರೆ ವಿಭಾಗಕ್ಕೆ ಮಾಡಿ ಅನ್ನುವರು. ವಿಚಾರಣೆಗೆ ವಾರವಿರುವಾಗ ಒಂದು ಕಾಗದ ಬಂತು. ಸದ್ಭಾವನೆಯಿಂದ ಪೂರ್ತಿ ಹಣ ಕೊಡುತ್ತೇವೆ, ಇದರಲ್ಲಿ ನಮ್ಮ ತಪ್ಪೇನಿಲ್ಲ, ಈ ವಿಷಯವನ್ನು ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿ.

"ಸಹಿ ಹಾಕಿ ದುಡ್ಡು ಇಸ್ಕೊಳೇ ಮಾರಾಯ್ತಿ," ಅಂದೆ ನಾನು.

"ಇಸ್ಕೊಂಡು? ಎಲ್ಲಿಂದ ಬಂತು ಅಂತ ಅವಿಸ್ ಕೇಳಿದ್ರೆ ಏನ್ ಹೇಳ್ಲಿ? ಬಾಯಿ ಮುಚ್ಕೊಂಡು ದುಡ್ಡು ಕೊಟ್ರೆ, ಕದ್ದಿದ್ದನ್ನ ತಂದಿಟ್ಲು ಅಂತಾರೆ ಕಣೋ ನೆವಿಲ್! ನಂಗೆ ಬೇಕಿರೋದು ದುಡ್ಡಲ್ಲ. ಬ್ಯಾಂಕಿನೋನು ಬಂದು ಜಡ್ಜ್ ಮುಂದೆ ಹೌದು, ನಾವೇ ತಗೊಂಡ್ವಿ ಅನ್ಲಿ."

ಅವಳು ಸಹಿ ಹಾಕಲಿಲ್ಲ.

ವಿಚಾರಣೆಯ ದಿನ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಹೆಣ ಮಣ್ಣು ಮಾಡುವ ದಿನ ತೊಡುವ ಕಪ್ಪು ಕೋಟು ತೊಟ್ಟಿದ್ದಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಗೊಣಗಿಕೊಳ್ಳುತ್ತಿದ್ದಳು. ಅಲ್ಲಿ ಕಟಕಟೆಯೂ ಇಲ್ಲ, ಏನೂ ಇಲ್ಲ. ಒಂದು ಕೋಣೆ, ಒಂದು ಮೇಜು, ನೀರಿನ ಹೂಜಿ. ಬ್ಯಾಂಕಿನ ಕಡೆಯ ಕುರ್ಚಿ ಖಾಲಿ.

"ಅವರು ಬಂದಿಲ್ಲ. ತೀರ್ಪು ನಿಮ್ಮ ಕಡೆಗೆ. ಶುಲ್ಕವೂ ಸೇರಿ ಸಿಗುತ್ತೆ," ಎಂದರು ಜಡ್ಜು.

"ಅಷ್ಟೇನಾ ಸಾರ್? ಒಂದು ಕಾಗದ ಬರೆಯೋಕೆ ಮೂವತ್ತೈದು ಪೌಂಡು ಹೇಗಾಗುತ್ತೆ ಅಂತ ಅವರನ್ನ ಕೇಳಿ."

"ಯಾರನ್ನ ಕೇಳ್ಲಿ ಅಮ್ಮಾ? ಇಲ್ಲಿ ಯಾರೂ ಇಲ್ಲವಲ್ಲ."

"ಹಾಗಾದ್ರೆ ನೀವೇ ಹೇಳಿ. ನಾನು ಕದ್ದಿಲ್ಲ ಅಂತ ಬರೆದುಕೊಡಿ."

ಆತ ಕನ್ನಡಕ ತೆಗೆದು ಅವಳನ್ನು ನೋಡಿದರು. ಒಳ್ಳೆಯ ಮನುಷ್ಯನೇ. "ಅದು ಈ ದಾವೆಯಲ್ಲಿ ಇಲ್ಲವಲ್ಲಮ್ಮಾ," ಎಂದರು. ಕೋಟಿನ ಗುಂಡಿ ಬಿಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರಿನಲ್ಲಿ ಕೂತು ಅವಳು ಅತ್ತಳು. ಗೆದ್ದು ಅತ್ತವಳನ್ನು ನಾನು ನೋಡಿದ್ದು ಅದೇ ಮೊದಲು.

ದುಡ್ಡು ಬಂದ ಮೇಲಿನ ಭಾನುವಾರ ಅವಳು ತೀರ್ಪಿನ ಪ್ರತಿಯನ್ನು ಡಾರ್ಟ್ ಬೋರ್ಡಿನ ಪಕ್ಕ ಅಂಟಿಸಿದಳು. ಬಾಕಿಯ ಲಕೋಟೆಗಳನ್ನು ಮೇಜಿಂದ ಮೇಜಿಗೆ ಹೋಗಿ ಹಂಚಿದಳು. 'ನಮಗೆ ಗೊತ್ತಿತ್ತಮ್ಮಾ', 'ನಾವೇನು ಅನುಮಾನ ಪಟ್ಟಿದ್ವಾ' ಎಂದು ಎಲ್ಲರೂ ಬೆನ್ನು ತಟ್ಟಿದರು. ಥೂ, ಎಂಥ ಜನ! ನಾನು ಹಲ್ಲು ಕಚ್ಚಿಕೊಂಡು ಗ್ಲಾಸು ಒರೆಸುತ್ತಿದ್ದೆ. ಆದರೆ ಥೆಲ್ಮಾಳ ಮುಖ ಅರಳಿತ್ತು.

ಕೊನೆಯ ಲಕೋಟೆ ಅವಿಸ್‌ಳದು. ಅವಿಸ್ ಅವಳ ಕೈ ಹಿಡಿದು, "ಬಾರೇ, ಕೂತ್ಕೋ. ಎಷ್ಟು ದಿನ ಆಯ್ತೇ ನೀನಿಲ್ಲಿ ಕೂತು," ಅಂದಳು. ಥೆಲ್ಮಾ ಕೂತಳು. ಅವಿಸ್ ಮಾತಾಡುತ್ತಲೇ ಲಕೋಟೆ ಹರಿದಳು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ನೋಟುಗಳನ್ನು ಒಂದೊಂದಾಗಿ ಎಣಿಸಿದಳು. ತಾನೇನು ಮಾಡುತ್ತಿದ್ದೇನೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಪಕ್ಕದ ಮೇಜಿನವರಿಗೆ ಹೊಳೆಯಿತು, ಅವರು ತಲೆ ತಗ್ಗಿಸಿದರು.

"ಸರಿಯಾಗಿದೆಯಾ?" ಥೆಲ್ಮಾ ಕೇಳಿದಳು.

"ಸರಿಯಾಗಿದೆ ಕಣೇ." ಅವಿಸ್ ಕಾಲಡಿಯಲ್ಲಿದ್ದ ಡಬ್ಬಿಯನ್ನು ಎತ್ತಿ ಅವಳ ಮುಂದಿಟ್ಟಳು. "ಇನ್ಮೇಲೆ ನೀನೇ ನೋಡ್ಕೋ. ಇದು ನಿಂದೇ ತಾನೇ."

ಥೆಲ್ಮಾ ಡಬ್ಬಿಯ ಮುಚ್ಚಳದ ಮೇಲೆ ಒಮ್ಮೆ ಕೈಯಾಡಿಸಿ ಅದನ್ನು ಹಿಂದಕ್ಕೆ ತಳ್ಳಿದಳು.

"ಬೇಡ, ನೀನೇ ಇಟ್ಕೊಳೇ ಅವಿಸ್. ನೀನು ಚೆನ್ನಾಗಿ ಎಣಿಸ್ತೀಯ."

ಎದ್ದು, ಅದೇ ಕಪ್ಪು ಕೋಟು ತೊಟ್ಟು ಹೊರಟುಹೋದಳು.