ಕ್ಲಿಯೋ ಬಾಯಿಪಾಠ ಮಾಡಿದ್ದ ನಂಬರು

ವರ್ನೆಲ್ ಟಾಲಿವರ್‌ಳ ತಮ್ಮನಿಗೆ ಒಂದೇ ಒಂದು ಫೋನ್ ನಂಬರು ಬಾಯಿಗೆ ಬರುತ್ತಿತ್ತು, ಅವರ ಮನೆಯದು. ಅವನು ಒಂದನೇ ಕ್ಲಾಸಿಗೆ ಸೇರಿದಾಗ ಅವರ ತಾಯಿ ಶಾಲೆಯ ದಾರಿಯುದ್ದಕ್ಕೂ ಹೆಜ್ಜೆಗೊಂದು ಅಂಕಿ ಹೇಳಿಸಿ ಕಲಿಸಿದ್ದಳು. ಕಳೆದುಹೋದರೆ ಯಾರಾದರೂ ಮನೆಗೆ ತಂದುಬಿಡಲಿ ಎಂದು.

ವರ್ನೆಲ್ ನನ್ನ ಪಕ್ಕದ ಮನೆಯವಳು. ನಾನು ನಮ್ಮೂರು ಡೆಮೊಪೊಲಿಸ್‌ನಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದಾಗ ಅವಳು ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ತಮ್ಮನ ಹೆಸರು ಕ್ಲಿಯೋಫಸ್, ಎಲ್ಲರಿಗೂ ಕ್ಲಿಯೋ. ಒಳ್ಳೆಯ ಹುಡುಗ, ಕೆಲಸಗಾರ. ಸೈನ್ಯಕ್ಕೆ ಹೋಗಿ ವಾಪಸು ಬಂದ ವರ್ಷ ತಲೆ ಕೆಟ್ಟಿತು. ಗೋಡೆಯೊಳಗೆ ಯಾರೋ ಕೂತು ತನ್ನ ಮಾತು ಕದ್ದು ಕೇಳುತ್ತಾರೆ ಎನ್ನುತ್ತಿದ್ದ. ಮಾತ್ರೆ ನುಂಗಿದರೆ ನೆಟ್ಟಗಿರುವನು, ಬಿಟ್ಟರೆ ಊರೇ ಬಿಡುವನು. ಮೊಬೀಲ್ ಊರಲ್ಲಿದ್ದಾನೆ ಎನ್ನುವರು, ಮೆರಿಡಿಯನ್ ಎನ್ನುವರು, ಜಾಕ್ಸನ್ ಎನ್ನುವರು. ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ ಯಾರಿಗೂ ಗೊತ್ತಿಲ್ಲ. ಕೈಯಲ್ಲಿ ಫೋನ್ ಇಟ್ಟುಕೊಳ್ಳುವವನೇ ಅಲ್ಲ. ಆದರೂ ಆಗೀಗ ಯಾವುದೋ ಪೆಟ್ರೋಲ್ ಬಂಕಿನಲ್ಲೋ, ಬಡವರಿಗೆ ಊಟ ಹಾಕುವ ಚರ್ಚಿನ ಬಾಗಿಲಲ್ಲೋ ಒಬ್ಬರ ಫೋನು ಕೇಳಿ ಪಡೆದು ಆ ನಂಬರು ಒತ್ತುತ್ತಿದ್ದ.

"ವರ್ನೆಲ್, ನಾನು ಕಣೆ. ಊಟ ಆಯ್ತು. ನಿಂದಾಯ್ತಾ?"

ಅಷ್ಟೇ. "ಎಲ್ಲಿದೀಯೋ?" ಎಂದು ಇವಳು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡುತ್ತಿದ್ದ. ಆ ಒಂದು ಮಾತಿನ ಮೇಲೆ ಅವಳು ಎರಡು ಮೂರು ತಿಂಗಳು ಬದುಕುತ್ತಿದ್ದಳು.

ತಾಯಿಯ ಕಾಲದಿಂದ ಮನೆಯಲ್ಲಿದ್ದ ತಂತಿ ಫೋನನ್ನು ತೆಗೆಸಿದಾಗ ಅವಳ ಗಂಡ ರೇಫರ್ಡ್ ಆ ನಂಬರನ್ನು ತನ್ನ ಮೊಬೈಲ್ ಖಾತೆಗೆ ಎರಡನೇ ಲೈನಾಗಿ ಸೇರಿಸಿ, ಮಡಚುವ ಫೋನೊಂದಕ್ಕೆ ಹಾಕಿಸಿಕೊಟ್ಟಿದ್ದ. ಆಮೇಲೆ ರೇಫರ್ಡ್ ಮಾಂಟ್ಗಮರಿಯ ಇನ್ನೊಬ್ಬಳ ಮನೆಗೆ ಹೋದ. ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು. ಮನೆ, ಕಾರು, ಪಾತ್ರೆಪಡಗ ಎಲ್ಲ ಹಂಚಿಕೊಂಡರು. ಫೋನಿನ ಖಾತೆ ಮಾತ್ರ ಹಂಚಲಿಲ್ಲ. ಹೊಸ ಫೋನಿನ ಆಸೆಗೆ ರೇಫರ್ಡ್ ಎರಡೂ ಲೈನಿಗೆ ಎರಡು ವರ್ಷದ ಕರಾರು ಹಾಕಿಕೊಂಡಿದ್ದ. ನಡುವೆ ಬಿಟ್ಟರೆ ದಂಡ. ಹಾಗಾಗಿ ವರ್ನೆಲ್ ತಿಂಗಳು ತಿಂಗಳು ತನ್ನ ಪಾಲು ಅವನಿಗೆ ಕಳಿಸುತ್ತಿದ್ದಳು. ದೇವರ ಮುಂದೆ ಕಟ್ಟಿದ ಗಂಟು ಬಿಚ್ಚಿತು, ಕಂಪನಿ ಹಾಕಿದ ಗಂಟು ಬಿಚ್ಚಲಿಲ್ಲ ಎಂದು ನಾವು ನಗುತ್ತಿದ್ದೆವು.

ಕರಾರು ಮುಗಿಯುವ ಕಾಲ ಹತ್ತಿರ ಬಂತು. ನಂಬರನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತೇನೆ ಎಂದು ವರ್ನೆಲ್ ನನ್ನನ್ನೂ ಕರೆದುಕೊಂಡು ಪೇಟೆಯ ಫೋನ್ ಅಂಗಡಿಗೆ ಹೋದಳು. ಅಲ್ಲಿದ್ದವನು ಟೆರೆಲ್ ಹಾರ್ಡಿ. ಕಾಗದದ ಕಾರ್ಖಾನೆಯಲ್ಲಿ ಕೆಲಸ ಹೋದ ಮೇಲೆ ಐವತ್ತರ ವಯಸ್ಸಿನಲ್ಲಿ ಈ ಕೆಲಸ ಹಿಡಿದವನು. ನಮ್ಮ ಚರ್ಚಿನ ಹಾಡುಗಾರರಲ್ಲಿ ದಪ್ಪ ದನಿ ಅವನದೇ.

"ಎರಡು ದಾರಿ ಇದೆ ವರ್ನೆಲಕ್ಕ," ಎಂದ. "ಹಳೇದು ಎರಡು ವರ್ಷದ ಕರಾರು. ಫೋನು ಕಮ್ಮಿ ದುಡ್ಡಿಗೆ ಕೈಗೆ ಬರುತ್ತೆ, ಮಿಕ್ಕಿದ್ದನ್ನ ಕಂಪನಿನೇ ಹಾಕ್ಕೊಳ್ಳುತ್ತೆ."

"ಕಂಪನಿಗೆ ನನ್ಮೇಲೆ ಅಷ್ಟೊಂದು ಪ್ರೀತಿ ಯಾಕಪ್ಪ ಬಂತು?"

"ಪ್ರೀತಿನೂ ಇಲ್ಲ, ಏನೂ ಇಲ್ಲ. ತಿಂಗಳ ಬಿಲ್ಲಲ್ಲಿ ಸೇರಿಸಿ ವಸೂಲಿ ಮಾಡ್ತಾರೆ. ಎರಡು ವರ್ಷ ತೀರಿದ್ಮೇಲೂ ಬಿಲ್ಲು ಇಳಿಯಲ್ಲ, ನೀವಾಗೇ ಬಂದು ಜಗಳ ಆಡೋ ತನಕ. ಈಗ ಬಂದಿರೋದು ಕಂತು. ಫೋನಿನ ಪೂರ್ತಿ ಬೆಲೆನ ತಿಂಗಳಿಗಿಷ್ಟು ಅಂತ ಕಟ್ಟೋದು. ಮಾತಾಡೋದರ ಬಿಲ್ಲು ಬೇರೆ, ಅದು ಸ್ವಲ್ಪ ಅಗ್ಗ. ಕರಾರು ಗಿರಾರು ಇಲ್ಲ. ಯಾವಾಗ ಬೇಕಾದ್ರೂ ಬಿಟ್ಟು ಹೋಗ್ಬಹುದು."

"ಸುಮ್ನೆ ಎದ್ದು ಹೋಗ್ಬಹುದಾ?"

ಟೆರೆಲ್ ಕೆನ್ನೆ ಕೆರೆದುಕೊಂಡ. "ಹೋಗ್ಬಹುದು. ಉಳಿದ ಕಂತೆಲ್ಲ ಒಂದೇ ಸಲ ಕಟ್ಟಿ ಹೋಗ್ಬೇಕು."

"ಅಂದ್ರೆ ಒಬ್ಬ ಗೂಟಕ್ಕೆ ಕಟ್ತಾನೆ, ಇನ್ನೊಬ್ಬ ಹಗ್ಗ ಬಿಚ್ಚಿ ಬೇಲಿ ಬಾಗಿಲಿಗೆ ಬೀಗ ಹಾಕ್ತಾನೆ," ಎಂದಳು ವರ್ನೆಲ್. "ನಂಗೆ ಫೋನೇ ಬೇಡ ಕಣಪ್ಪ. ನಂಬರು ಬೇಕು."

ಎರಡಕ್ಕೂ ಕಂಪನಿಯವರು ಮೊದಲು ಸಾಲದ ಚರಿತ್ರೆ ನೋಡುತ್ತಾರೆ, ಹಳೆಯ ಸಾಲ ಬಾಕಿ ಸರಿಯಾಗಿ ತೀರಿಸಿದ್ದೀರೋ ಇಲ್ಲವೋ ಎಂದು. ರೇಫರ್ಡ್ ಬಿಟ್ಟುಹೋದ ವರ್ಷ ವರ್ನೆಲ್‌ಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಆಸ್ಪತ್ರೆಯ ಬಾಕಿ ಅವಳ ಹೆಸರನ್ನು ಕೆಡಿಸಿತ್ತು. ಟೆರೆಲ್ ಯಂತ್ರದಲ್ಲಿ ಅವಳ ಹೆಸರು ಹೊಡೆದು ನೋಡಿ, ಪರದೆಯನ್ನು ನಮ್ಮಿಂದ ಆಚೆ ತಿರುಗಿಸಿದ. ಮರ್ಯಾದಸ್ಥ.

"ಬಿಡಿ ಅಕ್ಕ. ಪ್ರೀಪೇಡ್ ಮಾಡಿಸ್ಕೊಳ್ಳಿ, ಅದಕ್ಕೆ ಯಾರೂ ಏನೂ ಕೇಳಲ್ಲ. ಇದೇ ನಂಬರು ಅದಕ್ಕೆ ತರಬಹುದು. ಆದ್ರೆ ಖಾತೆ ರೇಫರ್ಡಣ್ಣಂದು. ಅವರು ಹೂಂ ಅನ್ಬೇಕು."

ರೇಫರ್ಡ್ ಹೂಂ ಎಂದ. ಅವನು ಕೆಟ್ಟವನಲ್ಲ, ಆತುರಗಾರ. "ಈಗ್ಲೇ ತೆಗೆದ್ರೆ ದಂಡ ಬೀಳುತ್ತೆ ಕಣೆ. ಕರಾರು ಮುಗೀಲಿ, ಮುಗಿದ ದಿನವೇ ಬರ್ತೀನಿ," ಎಂದ. ಅದೂ ನ್ಯಾಯವಾದ ಮಾತೇ. ಕಾಯೋಣ ಎಂದುಕೊಂಡಳು.

ಅಷ್ಟರಲ್ಲಿ ಮಾಂಟ್ಗಮರಿಯಲ್ಲಿ ಇನ್ನೊಂದು ಕಂಪನಿಯವರು ಅವನಿಗೆ ಗಾಳ ಹಾಕಿದರು: ಕರಾರು ಮುಗಿಯುವ ತನಕ ಯಾಕೆ ಕಾಯುತ್ತೀರಿ, ನಮ್ಮಲ್ಲಿ ಕಂತಿಗೆ ಫೋನು ತೆಗೆದುಕೊಳ್ಳಿ, ಹಳೆಯವರ ದಂಡ ನಾವೇ ಕಟ್ಟುತ್ತೇವೆ, ಹಳೆ ಖಾತೆ ಮುಚ್ಚಿಸಿ ಕೊನೆಯ ಬಿಲ್ಲು ತನ್ನಿ. ರೇಫರ್ಡ್ ಹಳೆ ಕಂಪನಿಗೆ ಫೋನು ಮಾಡಿ, "ಎಲ್ಲ ಮುಚ್ಚಿಬಿಡಿ," ಎಂದ. ಅವರು ಮುಚ್ಚಿದರು.

ವರ್ನೆಲ್‌ಗೆ ತನ್ನ ಫೋನು ಕೆಟ್ಟಿದೆ ಎನಿಸಿತು. ಬ್ಯಾಟರಿ ತೆಗೆದು ಹಾಕಿದಳು, ಒಣ ಬಟ್ಟೆಯಿಂದ ಒರೆಸಿದಳು, ಅಂಗಳದಲ್ಲಿ ನಿಂತು ಆಕಾಶಕ್ಕೆ ಹಿಡಿದಳು. ಭಾನುವಾರ ಚರ್ಚಿನಲ್ಲಿ ಟೆರೆಲ್‌ನ ಕೈಗೆ ಕೊಟ್ಟಾಗಲೇ ವಿಷಯ ತಿಳಿದದ್ದು. ನನ್ನ ಫೋನಿನಿಂದ ರೇಫರ್ಡ್‌ಗೆ ಮಾಡಿದಳು.

"ಫೋನು ನಿನ್ನ ಕೈಯಲ್ಲೇ ಇದೆಯಲ್ಲೇ," ಎಂದ ಅವನು. "ನಂಬರು ಅದರೊಳಗೇ ಇರುತ್ತೆ. ಎಲ್ಲಿಗೆ ಹೋಗುತ್ತೆ?"

ಅವನಿಗೆ ನಿಜವಾಗಿಯೂ ಹಾಗೇ ಅನಿಸಿತ್ತು. ಅರ್ಥವಾದ ಮೇಲೆ ಮಾರನೇ ದಿನವೇ ಕೆಲಸಕ್ಕೆ ರಜೆ ಹಾಕಿ ಕಂಪನಿಗೆ ಫೋನಿನ ಮೇಲೆ ಫೋನು ಮಾಡಿದ. ಒಬ್ಬರು ಇನ್ನೊಬ್ಬರಿಗೆ ದಾಟಿಸಿದರು, ಆ ಇನ್ನೊಬ್ಬರು ಸಂಗೀತ ಕೇಳಿಸಿದರು. ಕೊನೆಗೆ ಒಬ್ಬಳು, ನಂಬರು ಜನ ಬಿಟ್ಟುಹೋದ ನಂಬರುಗಳ ರಾಶಿಗೆ ಸೇರಿಹೋಗಿದೆ, ಯಾರಿಗೆ ಬೀಳುತ್ತೋ ಹೇಳಲಾಗದು, ಕ್ಷಮಿಸಿ, ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದಳಂತೆ. ರೇಫರ್ಡ್ ಬಂದು ವರ್ನೆಲ್‌ಳ ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. ಅವಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಅವಳೊಂದು ಪ್ರೀಪೇಡ್ ಫೋನು ತೆಗೆದುಕೊಂಡಳು. ಹೊಸ ನಂಬರು. ಅದರಿಂದ ಸೋಮವಾರ ಸೋಮವಾರ ಬೆಳಿಗ್ಗೆ ಹಳೆ ನಂಬರಿಗೆ ಮಾಡುವಳು. ಈ ನಂಬರು ಚಾಲ್ತಿಯಲ್ಲಿಲ್ಲ ಎನ್ನುವ ದನಿಯನ್ನು ಕೇಳಿ ಕೆಲಸಕ್ಕೆ ಹೋಗುವಳು. ಮೆರಿಡಿಯನ್‌ಗೆ ಹೋಗಿ ನಾವಿಬ್ಬರೂ ಚರ್ಚು ಚರ್ಚಿನಲ್ಲಿ ಹೊಸ ನಂಬರು ಬರೆದಿಟ್ಟು ಬಂದೆವು. ಚಳಿಗಾಲ ಕಳೆಯಿತು. ಒಂದು ಬೆಳಿಗ್ಗೆ ಆ ದನಿಯ ಬದಲು ಗಂಟೆ ಬಡಿಯಿತು, ಹೆಂಗಸೊಬ್ಬಳು ಎತ್ತಿದಳು.

"ಯಾರು?"

"ವರ್ನೆಲ್ ಟಾಲಿವರ್ ಅಂತ ತಾಯಿ. ಈ ನಂಬರು..."

"ನೀವೇನಾ ವರ್ನೆಲ್ಲು!" ಆ ಕಡೆಯ ದನಿ ಏರಿತು. "ನಿಮ್ಮ ಆಸ್ಪತ್ರೆಯವರು ನನ್ನ ಪ್ರಾಣ ತಿಂತಿದಾರೆ ಕಣ್ರೀ! ವಸೂಲಿಯವರು, ಚರ್ಚಿನವರು, ಎಲ್ಲಾ ನಂಗೇ ಮಾಡ್ತಾರೆ! ನಾನು ವರ್ನೆಲ್ ಅಲ್ಲ ಅಂತ ಎಷ್ಟು ಜನಕ್ಕೆ ಹೇಳ್ಲಿ?"

"ತಪ್ಪಾಯ್ತು ತಾಯಿ. ಗಂಡಸೊಬ್ಬ ಏನಾದ್ರೂ ಮಾಡಿದ್ನಾ? ಊಟ ಆಯ್ತು ಅಂತ?"

ಆ ಕಡೆಯ ದನಿ ಇಳಿಯಿತು.

"ಮಾಡಿದ್ರು. ಮೊನ್ನೆ. ರಾಂಗ್ ನಂಬರ್ ಅಂದೆ. ಹಾಗಾದ್ರೆ ವರ್ನೆಲ್ ಎಲ್ಲಿ ಹೋದ್ಲು ಅಂತ ಕೇಳಿದ್ರು. ನಂಗೇನ್ರೀ ಗೊತ್ತು ಅಂತ ಇಟ್ಬಿಟ್ಟೆ."

ಅವಳ ಹೆಸರು ಜೊನೆಲ್. ಸೆಲ್ಮಾದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ. ಕ್ಲಿಯೋ ಕರೆ ಮಾಡಿದ ಫೋನಿನ ನಂಬರು ಹುಡುಕಿ ಕೊಟ್ಟಳು. ಅದಕ್ಕೆ ಮಾಡಿದರೆ ಲಾರಿ ಓಡಿಸುವವನೊಬ್ಬ ಎತ್ತಿದ. "ಹೌದಮ್ಮ, ಜಾಕ್ಸನ್ ಹತ್ರ ಬಂಕಲ್ಲಿ ಒಬ್ರು ಕೇಳಿದ್ರು, ಕೊಟ್ಟೆ. ಮಾತಾಡಿ ವಾಪಸ್ ಕೊಟ್ಟು ನಡ್ಕೊಂಡು ಹೋದ್ರು. ನಾನೀಗ ಟೆನೆಸಿಲಿದೀನಿ."

ಜೊನೆಲ್ ಆ ನಂಬರನ್ನು ಹಿಂದಿರುಗಿಸಲು ಮನಸ್ಸು ಮಾಡಿದಳು. ನಾನೇ ಅವರಿಬ್ಬರನ್ನೂ ಟೆರೆಲ್‌ನ ಹತ್ತಿರ ಕೂರಿಸಿದೆ. ಟೆರೆಲ್ ಅರ್ಧ ದಿನ ಫೋನಿಗೆ ಅಂಟಿಕೊಂಡಿದ್ದ. ಜೊನೆಲ್ ಹೊಸದಾಗಿ ಕಂತಿಗೆ ತೆಗೆದುಕೊಂಡ ಫೋನದು. ನಂಬರನ್ನು ಆಚೆ ಕೊಟ್ಟರೆ ಲೈನು ಬಿಟ್ಟಂತೆ, ಬಿಟ್ಟರೆ ಉಳಿದ ಕಂತೆಲ್ಲ ಅವತ್ತೇ ಕಟ್ಟಬೇಕು. ಅಷ್ಟು ದುಡ್ಡು ನಮ್ಮ ಮೂವರ ಚೀಲ ಕೊಡವಿದರೂ ಇರಲಿಲ್ಲ. ಲೈನನ್ನು ಕಂತಿನ ಸಮೇತ ವರ್ನೆಲ್‌ಳ ಹೆಸರಿಗೆ ಬರೆದುಕೊಡಬೇಕೆಂದರೆ ಮತ್ತೆ ಸಾಲದ ಚರಿತ್ರೆ. ಜೊನೆಲ್ ಬರೀ ಬೇರೆ ನಂಬರು ತೆಗೆದುಕೊಂಡರೆ ಹಳೆಯದು ಮತ್ತೆ ಆ ರಾಶಿಗೇ ಹೋಗಿ ಬೀಳುತ್ತದೆ.

"ಹಳೆ ಕರಾರೇ ಆಗಿದ್ರೆ?" ಎಂದೆ ನಾನು.

"ಆಗ ದಂಡ ಕಟ್ಟಿ ಬಿಡಿಸ್ಕೊಬೇಕಿತ್ತು ಒಪಲಕ್ಕ. ಅದೂ ದುಡ್ಡೇ." ಟೆರೆಲ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. "ಯಾವ್ದರಲ್ಲಿ ಬಂದ್ರೂ ಬಾಗಿಲು ಒಳಗೆ ಬರೋಕೆ ಮಾತ್ರ ತೆರೆಯುತ್ತೆ."

"ನನ್ನ ಕಂತು ಮುಗೀಲಿ ಅಮ್ಮಾ," ಎಂದಳು ಜೊನೆಲ್. "ಮುಗಿದ ತಕ್ಷಣ ನಿಮ್ಗೇ ಕೊಡ್ತೀನಿ. ಅಲ್ಲೀತನಕ ನಾನೇ ಎತ್ತುತೀನಿ. ಯಾರೇ ಮಾಡ್ಲಿ, ಎತ್ತುತೀನಿ."

ಎರಡು ವರ್ಷದ ಕಂತು. ವರ್ನೆಲ್ ತಲೆಯಾಡಿಸಿದಳು. ಇನ್ನೇನು ಮಾಡಿಯಾಳು?

ಜೊನೆಲ್ ಮಾತು ಉಳಿಸಿಕೊಂಡಳು. ಮಾರ್ಚಿನಲ್ಲಿ ಕ್ಲಿಯೋ ಮಾಡಿದಾಗ ವರ್ನೆಲ್‌ಳ ಹೊಸ ನಂಬರು ಹೇಳಿದಳು. ಅವನಿಗೆ ಸಿಟ್ಟು ಬಂತು. "ಸುಳ್ಳು ಹೇಳ್ಬೇಡ. ಇದು ನಮ್ಮನೆ ನಂಬರು. ನಮ್ಮಮ್ಮ ಕಲಿಸಿದ್ದು." ಇನ್ನೊಂದು ಸಲ, "ಇರಿ ಅಣ್ಣಾ, ಅವರಿಗೇ ಜೋಡಿಸ್ತೀನಿ," ಎಂದು ಗುಂಡಿ ಒತ್ತಿದಳು. ನಡುವೆ ಟಿಕ್ ಎಂದು ಸದ್ದಾಯಿತು. ಯಾರೋ ಕದ್ದು ಕೇಳುತ್ತಿದ್ದಾರೆ ಎಂದು ಇಟ್ಟುಬಿಟ್ಟ. ಆಮೇಲೆ ಬಹಳ ದಿನ ಮಾಡಲಿಲ್ಲ. ಜೊನೆಲ್ ಅತ್ತುಕೊಂಡು ವರ್ನೆಲ್‌ಗೆ ಹೇಳಿದಳು. ಇವಳೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಮುಂದಿನ ಸಲ ಅವನು ಮಾಡಿದಾಗ ಜೊನೆಲ್ ಏನನ್ನೂ ತಿದ್ದಲಿಲ್ಲ.

"ವರ್ನೆಲಕ್ಕ ಕೆಲಸಕ್ಕೆ ಹೋಗಿದಾರೆ ಅಣ್ಣಾ. ಏನು ಹೇಳ್ಲಿ?"

"ನೀನ್ಯಾರು?"

"ಮನೇಲಿ ಸಹಾಯಕ್ಕಿದೀನಿ."

"ಊಟ ಆಯ್ತು ಅಂತ ಹೇಳು."

ಹೀಗೆ ತಮ್ಮನ ಕ್ಷೇಮ ಸೆಲ್ಮಾ ಸುತ್ತಿ ವರ್ನೆಲ್‌ಗೆ ಬರತೊಡಗಿತು. ಜೊನೆಲ್ ಒಂದಕ್ಷರ ಬಿಡದೆ ಹೇಳುವಳು. ಆದರೂ ವರ್ನೆಲ್ ಕೇಳುತ್ತಿದ್ದಳು: ಕೆಮ್ಮಿದ್ನಾ? ದನಿ ಹೇಗಿತ್ತು? ಕುಡಿದ ಹಾಗಿತ್ತಾ? ಪಾಪ, ಆ ಹುಡುಗಿಗೆ ಏನು ಗೊತ್ತು! ಮೊದಲು ಅವನ ದನಿ ಹೇಗಿತ್ತು ಎಂದು ಗೊತ್ತಿದ್ದರೆ ತಾನೆ?

ಆಗಸ್ಟಿನಲ್ಲಿ ಮಾಡಿದವನು ಕಾಲು ಊದಿದೆ ಎಂದ. ಆಸ್ಪತ್ರೆಗೆ ಹೋಗಿ ಎಂದು ಜೊನೆಲ್ ಬೇಡಿಕೊಂಡಳು, ಹೂಂ ಎಂದನಂತೆ. ಅಲ್ಲಿಂದ ಸದ್ದಿಲ್ಲ. ನಾನೂ ವರ್ನೆಲ್‌ಳೂ ಜಾಕ್ಸನ್‌ಗೆ ಹೋದೆವು. ಊಟ ಹಾಕುವ ಮನೆಯೊಂದರಲ್ಲಿ ಫೋಟೋ ನೋಡಿ ಗುರುತು ಹಿಡಿದರು. ಆಂಬ್ಯುಲೆನ್ಸು ಬಂದಿತ್ತು ಎಂದರು. ಯಾವ ಆಸ್ಪತ್ರೆಯೋ ಗೊತ್ತಿಲ್ಲ. ನಾವು ಹೋದ ಆಸ್ಪತ್ರೆಗಳಲ್ಲಿ ಕಿಟಕಿಯ ಹಿಂದಿನವರು, ರೋಗಿಯ ಒಪ್ಪಿಗೆ ಇಲ್ಲದೆ, ಅವನು ಇಲ್ಲಿದ್ದಾನೆ ಎಂದೂ ಹೇಳುವಂತಿಲ್ಲ, ಇಲ್ಲ ಎಂದೂ ಹೇಳುವಂತಿಲ್ಲ ಎಂದರು. "ನಾನು ಅವನ ಅಕ್ಕ ಕಣಮ್ಮ," ಎಂದಳು ವರ್ನೆಲ್. "ಅರ್ಥ ಆಗುತ್ತಮ್ಮ," ಎಂದರು.

ನವೆಂಬರಿನ ಒಂದು ಭಾನುವಾರ ಚರ್ಚು ಮುಗಿದ ಮೇಲೆ ಜೊನೆಲ್ ಊಟಕ್ಕೆ ಬಂದಳು. ವರ್ನೆಲ್ ಕರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ ಎಲ್ಲ ಮಾಡಿದ್ದಳು. ಊಟದ ನಡುವೆ ಜೊನೆಲ್‌ಳ ಫೋನು ಬಡಿಯಿತು. ಮೂವರ ಕೈಯೂ ನಿಂತಿತು. ಯಾರೋ ವಿಮೆ ಮಾರುವವನು. ಜೊನೆಲ್ ಅವನ ಮಾತು ಪೂರ್ತಿ ಕೇಳಿ, ಬೇಡ ಅಣ್ಣಾ ಎಂದು ಇಟ್ಟಳು. ಮತ್ತೆ ಊಟ ಮಾಡಿದೆವು. ಉಳಿದದ್ದನ್ನು ವರ್ನೆಲ್ ಡಬ್ಬಿಗೆ ತುಂಬಿ ಅವಳ ಕಾರಿನಲ್ಲಿಟ್ಟಳು.

ಕಾರು ಹೊರಟ ಮೇಲೆ ಅವಳು ನನ್ನ ತೋಳು ಹಿಡಿದುಕೊಂಡಳು.

"ಒಪಲ್, ಸೆಲ್ಮಾಗೆ ಹೋಗೋಕೆ ಒಂದು ಗಂಟೆ ಹಿಡಿಯುತ್ತಲ್ಲೇ. ಅವನು ಈಗ ಮಾಡಿದ್ರೆ? ಗಾಡಿ ಓಡಿಸ್ತಿರೋಳು ಎತ್ತಕ್ಕಾಗುತ್ತಾ?"

"ನಿಲ್ಲಿಸಿ ಎತ್ತುತಾಳೆ ಬಿಡು," ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಒಳಗಿಂದ ತನ್ನ ಫೋನು ತಂದು ಮೆಟ್ಟಿಲ ಮೇಲೆ ಕೂತಳು, ಜೊನೆಲ್ ಮನೆ ಮುಟ್ಟಿದೆ ಎಂದು ಮಾಡುವ ತನಕ.